ತೊಡೆಯ ಮೇಲಿನ ಮಗು, ಎದುರಿಗಿರುವ ಏರ್‌ಬ್ಯಾಗ್

1952ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಜಾನ್ ಹೆಟ್ರಿಕ್ ಹೆಂಡತಿ, ಮಗಳನ್ನು ಕೂರಿಸಿಕೊಂಡು ಕಾರಿನಲ್ಲಿ ಹೊರಟಿದ್ದರು. ದಾರಿಗೆ ಬಂಡೆ ಅಡ್ಡ ಬಂತು. ಬ್ರೇಕ್ ಒತ್ತಿ ಕಾರು ಹೊರಳಿಸುವಾಗ ಗಂಡ ಹೆಂಡತಿ ಇಬ್ಬರ ಕೈಗಳೂ ತಾವಾಗಿ ಮಗಳಿಗೆ ಅಡ್ಡ ಚಾಚಿದವು. ಆ ಕೈಗಳ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಯೋಚನೆಗೆ ಅವರು ಮರುವರ್ಷ ಪೇಟೆಂಟ್ ಪಡೆದರು.

ಹೀಗೆ ಮಗುವನ್ನು ಕಾಯಲೆಂದು ಹುಟ್ಟಿದ ಏರ್‌ಬ್ಯಾಗ್, ಅಂದರೆ ಡಿಕ್ಕಿಯಾದೊಡನೆ ಉಬ್ಬಿ ಬರುವ ಚೀಲ, 1990ರ ದಶಕದಲ್ಲಿ ಅಮೆರಿಕದಲ್ಲಿ ಮಕ್ಕಳ ಜೀವವನ್ನೇ ತೆಗೆಯಿತು, ಅದೂ ದೊಡ್ಡವರು ಎದ್ದು ನಡೆದುಹೋಗಬಹುದಾದ ಸಣ್ಣ ಡಿಕ್ಕಿಗಳಲ್ಲಿ. ಬೆಲ್ಟ್ ಹಾಕದ ವಯಸ್ಕ ಗಂಡಸಿನ ಗಾತ್ರದ ಗೊಂಬೆಯನ್ನೂ ತಡೆಯಬೇಕೆಂಬುದು ಅಲ್ಲಿನ ಪರೀಕ್ಷೆಯಾಗಿತ್ತು. ಹಾಗಾಗಿ ಚೀಲ ಕಣ್ಣು ಮಿಟುಕಿಸುವುದಕ್ಕೂ ಮೊದಲೇ, ಗಂಟೆಗೆ ಸುಮಾರು 300 ಕಿ.ಮೀ. ವೇಗದಲ್ಲಿ ಸಿಡಿದು ಬರುತ್ತಿತ್ತು. ದೊಡ್ಡವರ ಎದೆಗೆ ತಾಗುವ ಆ ಹೊಡೆತ ಮಗುವಿನ ತಲೆಗೆ, ಕುತ್ತಿಗೆಗೆ ಬಿತ್ತು. ಸತ್ತ ಮಕ್ಕಳಲ್ಲಿ ಹೆಚ್ಚಿನವರು ಬೆಲ್ಟ್ ಇಲ್ಲದೆ ಮುಂದೆ ಕೂತವರು, ಇಲ್ಲವೇ ಮುಂದಿನ ಸೀಟಿನಲ್ಲಿ ಬೆನ್ನು ಡ್ಯಾಶ್‌ಬೋರ್ಡಿಗೆ ತಿರುಗಿಸಿಟ್ಟ ಬೇಬಿ ಸೀಟಿನಲ್ಲಿದ್ದ ಹಸುಗೂಸುಗಳು. 1997ರಲ್ಲಿ ಚೀಲದ ರಭಸ ತಗ್ಗಿಸಲು ಕಂಪನಿಗಳಿಗೆ ಅನುಮತಿ ಸಿಕ್ಕಿತು.

ಆ ಬೇಬಿ ಸೀಟಿನ ಕತೆ ಸ್ವೀಡನ್ನಿನದು. ಗಗನಯಾತ್ರಿಗಳು ರಾಕೆಟ್ಟಿನ ನೂಕನ್ನು ಬೆನ್ನಿನ ಮೇಲೆ ತಾಳಿಕೊಳ್ಳುವ ಬಗೆಯನ್ನು ಕಂಡ ಅಲ್ಲಿನ ವೈದ್ಯ ಬರ್ಟಿಲ್ ಆಲ್ಡ್‌ಮನ್ 1964ರಲ್ಲಿ ಹಿಮ್ಮುಖ ಸೀಟು ರೂಪಿಸಿದರು. ಕೂಸಿನ ದೇಹದ ಉದ್ದದಲ್ಲಿ ಕಾಲು ಭಾಗ ತಲೆಯೇ. ಹಿಮ್ಮುಖವಾಗಿ ಕೂತರೆ ಡಿಕ್ಕಿಯ ಹೊರೆ ಬೆನ್ನು, ತಲೆಗೆಲ್ಲ ಹಂಚಿ ಕುತ್ತಿಗೆ ಉಳಿಯುತ್ತದೆ. ಆದರೆ ಅದರ ಜಾಗ ಹಿಂದಿನ ಸೀಟು, ಚಾಲೂ ಇರುವ ಏರ್‌ಬ್ಯಾಗಿನ ಎದುರಲ್ಲ.

ನಮ್ಮಲ್ಲಿ 2019ರಲ್ಲಿ ಚಾಲಕರಿಗೆ, 2021ರಿಂದ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯವಾಯಿತು. ಒಳ್ಳೆಯದೇ ಆಯಿತು. ನನ್ನನ್ನು ಕಾಡುವುದು ಆ ಪಕ್ಕದ ಸೀಟು: ಅಮ್ಮನೋ ಅಜ್ಜಿಯೋ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಜಾಗವೂ ಅದೇ. 50 ಕಿ.ಮೀ. ವೇಗದ ಡಿಕ್ಕಿಯಲ್ಲಿ 10 ಕಿಲೋ ಮಗು ಇನ್ನೂರೈವತ್ತು ಕಿಲೋಗೂ ಮೀರಿದ ಬಲದಿಂದ ಮುಂದಕ್ಕೆ ಚಿಮ್ಮುತ್ತದೆ. ಯಾವ ತಾಯಿಯ ತೋಳೂ ಅದನ್ನು ಹಿಡಿದಿಡಲಾರದು. ಎದುರಿಗೆ ಆ ಚೀಲ.

14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದಿದ್ದರೆ 1,000 ರೂಪಾಯಿ ದಂಡವೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಹೊಸ ಕಾರು ಮನೆಗೆ ಬಂದ ದಿನ ಪಕ್ಕದ ಸೀಟಿನ ಸನ್‌ವೈಸರ್ ಇಳಿಸಿ ನೋಡಿ: ಬೇಬಿ ಸೀಟಿನ ಚಿತ್ರದ ಮೇಲೆ ಕೆಂಪು ಗೀಟು ಎಳೆದಿರುತ್ತದೆ.