ಅಲೆಕ್ಸಾಂಡ್ರಿಯಾದ ಗ್ರಂಥಾಲಯವನ್ನು ಸುಟ್ಟವರು ಯಾರು?

ಪ್ರಶ್ನೆ: ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಪ್ರಾಚೀನ ಮಹಾಗ್ರಂಥಾಲಯಕ್ಕೆ ಬೆಂಕಿ ಇಟ್ಟವರು ಯಾರು? ಅದೊಂದು ಉಳಿದಿದ್ದರೆ ಮನುಕುಲ ಇಂದು ಸಾವಿರ ವರ್ಷ ಮುಂದಿರುತ್ತಿತ್ತಲ್ಲವೇ?

ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಪುಸ್ತಕಗಳನ್ನು ಬೇಕೆಂದೇ ಸುಡುವುದರ ಬಗ್ಗೆ ನಾನು ಏನೇ ಬರೆದರೂ ಇದು ಬಂದೇ ಬರುತ್ತದೆ. ಕೇಳುವವರಲ್ಲಿ ಕಾಲೇಜು ವಿದ್ಯಾರ್ಥಿಗಳಿದ್ದಾರೆ, ನಿವೃತ್ತ ಮೇಷ್ಟ್ರುಗಳಿದ್ದಾರೆ. ಅವರ ಮೇಲೆ ನನಗೆ ಬೇಸರವಿಲ್ಲ. ಪುಸ್ತಕ ಸುಟ್ಟ ಸುದ್ದಿ ಕೇಳಿದರೆ ಸಂಕಟಪಡುವವರೇ ಇದನ್ನು ಕೇಳುತ್ತಾರೆ. ಬೇಸರವಿರುವುದು ಆ ಪ್ರಶ್ನೆಯೊಳಗೆ ಕುಳಿತಿರುವ ಕಥೆಯ ಮೇಲೆ. ಒಂದು ದೊಡ್ಡ ಕಟ್ಟಡ, ಒಂದು ಕಾಳರಾತ್ರಿ, ಕೈಯಲ್ಲಿ ಪಂಜು ಹಿಡಿದ ಒಬ್ಬ ದುಷ್ಟ: ಇಷ್ಟು ಅಚ್ಚುಕಟ್ಟಾದ ಕಥೆಯನ್ನು ಯಾರೂ ಬಿಟ್ಟುಕೊಡಲು ಒಪ್ಪುವುದಿಲ್ಲ. ಆದ್ದರಿಂದ ಈ ಸಲ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲ ಪ್ರಶ್ನೆಗೆ ನೇರ ಉತ್ತರ: ಹಾಗೆ ಬೆಂಕಿ ಇಟ್ಟವನು ಯಾರೂ ಇಲ್ಲ. ಎರಡನೆಯದಕ್ಕೆ: ಇಲ್ಲ, ಮುಂದಿರುತ್ತಿರಲಿಲ್ಲ.

ಕಟಕಟೆಯಲ್ಲಿ ಸಾಮಾನ್ಯವಾಗಿ ಮೂವರನ್ನು ನಿಲ್ಲಿಸುತ್ತಾರೆ. ಒಬ್ಬ ಜೂಲಿಯಸ್ ಸೀಸರ್. ಕ್ರಿ.ಪೂ. 48ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಮುತ್ತಿಗೆಗೆ ಸಿಕ್ಕಿಬಿದ್ದಾಗ ಅವನು ಬಂದರಿನ ಹಡಗುಗಳಿಗೆ ಬೆಂಕಿ ಹಚ್ಚಿಸಿದ್ದು ನಿಜ. ಅವನೇ ಬರೆದ ಯುದ್ಧವೃತ್ತಾಂತದಲ್ಲಿ ಹಡಗುಗಳ ಮಾತಿದೆ, ಪುಸ್ತಕಗಳ ಮಾತಿಲ್ಲ. ಆ ಬೆಂಕಿ ದಡಕ್ಕೆ ಹಬ್ಬಿ ಒಂದಷ್ಟು ಪುಸ್ತಕಗಳು ಉರಿದುಹೋದವು ಎಂದು ನಂತರದವರು ಬರೆದರು. ಮಹಾಗ್ರಂಥಾಲಯವೇ ನಾಶವಾಯಿತು ಎಂದು ಬರೆದ ಗ್ರೀಕ್ ಲೇಖಕ ಪ್ಲುಟಾರ್ಕ್ ಆ ಘಟನೆಯ ಸುಮಾರು ಒಂದೂವರೆ ಶತಮಾನದ ಮೇಲೆ ಬಂದವನು. ಆದರೆ ಘಟನೆಯ ಎರಡು ದಶಕಗಳ ನಂತರ ಅಲೆಕ್ಸಾಂಡ್ರಿಯಾದಲ್ಲಿ ನೆಲೆಸಿದ್ದ ಭೂಗೋಳಜ್ಞ ಸ್ಟ್ರಾಬೊ, ಗ್ರಂಥಾಲಯ ಸೇರಿದ್ದ ವಿದ್ವಾಂಸರ ಸಂಸ್ಥೆಯನ್ನು ಕಣ್ಣಾರೆ ಕಂಡು ಬಣ್ಣಿಸಿದ್ದಾನೆ. ಅಡ್ಡಾಡಲು ಅಲ್ಲಿ ಪಡಸಾಲೆಯಿತ್ತು, ವಿದ್ವಾಂಸರೆಲ್ಲ ಒಟ್ಟಿಗೆ ಕುಳಿತು ಉಣ್ಣುವ ದೊಡ್ಡ ಮನೆಯಿತ್ತು. ನಾಶವಾದ ಸಂಸ್ಥೆಯನ್ನು ಯಾರೂ ಹಾಗೆ ವರ್ಣಿಸುವುದಿಲ್ಲ.

ಎರಡನೆಯವನು ಬಿಷಪ್ ಥಿಯೋಫಿಲಸ್. 391ರ ಹೊತ್ತಿಗೆ ಅವನ ಮುಂದಾಳತ್ವದಲ್ಲಿ ಸೆರಾಪಿಯಮ್ ಎಂಬ ದೇಗುಲವನ್ನು ಕೆಡವಿದರು. ಅಲ್ಲಿ ಹಿಂದೊಮ್ಮೆ ಪುಸ್ತಕ ಭಂಡಾರವಿತ್ತು. ಆದರೆ ದೇಗುಲದ ನಾಶವನ್ನು ವಿವರವಾಗಿ ಬರೆದ ಆ ಕಾಲದವರು, ಸಂಭ್ರಮಿಸಿದವರೂ ಮರುಗಿದವರೂ, ಪುಸ್ತಕಗಳನ್ನು ಸುಟ್ಟರೆಂದು ಹೇಳುವುದಿಲ್ಲ. ವಿಗ್ರಹ ಒಡೆದದ್ದನ್ನು ಅಷ್ಟು ಬಿಡಿಸಿ ಬರೆದವರು ಪುಸ್ತಕದ ರಾಶಿ ಉರಿದಿದ್ದರೆ ಬಿಡುತ್ತಿದ್ದರೇ?

ಮೂರನೆಯದು ಖಲೀಫ ಉಮರ್‌ನ ಕಥೆ. ಈ ಪುಸ್ತಕಗಳು ಕುರಾನಿಗೆ ಹೊಂದುವುದಾದರೆ ಬೇಕಿಲ್ಲ, ಹೊಂದದಿದ್ದರೆ ಇರಬಾರದು ಎಂದು ಅವನು ಹೇಳಿದನಂತೆ. ಊರಿನ 4,000 ಸ್ನಾನಗೃಹಗಳ ಒಲೆಗೆ ಅವನ್ನು ಹಂಚಿದರಂತೆ. ಆರು ತಿಂಗಳು ಉರಿಯಿತಂತೆ. ಈ ಅಂತೆಕಂತೆ ಹುಟ್ಟಿದ್ದು ಯಾವಾಗ ಗೊತ್ತೇ? ಅರಬರು ಅಲೆಕ್ಸಾಂಡ್ರಿಯಾವನ್ನು ಗೆದ್ದದ್ದು 642ರ ಆಸುಪಾಸು. ಕಥೆ ಮೊದಲು ಬರವಣಿಗೆಯಲ್ಲಿ ಕಾಣಿಸುವುದು 1200ರ ಸುಮಾರಿಗೆ, ಐದೂವರೆ ಶತಮಾನಗಳ ಮೇಲೆ. ಆ ಗೆಲುವಿನ ಬಗ್ಗೆ ಅದೇ ಶತಮಾನದಲ್ಲಿ ಬರೆದ ಈಜಿಪ್ಟಿನ ಕ್ರೈಸ್ತ ಬಿಷಪ್, ನಿಕಿಯುವಿನ ಜಾನ್, ಅರಬರ ಮೇಲೆ ಸಾಕಷ್ಟು ಆರೋಪ ಹೊರಿಸಿದ್ದಾನೆ, ಇದನ್ನು ಹೊರಿಸಿಲ್ಲ. ಕಥೆಯಲ್ಲಿ ಪುಸ್ತಕ ಉಳಿಸಿಕೊಡಿ ಎಂದು ಅರಬ್ ಸೇನಾಪತಿಯನ್ನು ಬೇಡುವ ವೈಯಾಕರಣ ಜಾನ್ ಆರನೆಯ ಶತಮಾನದವನು. ಸೇನೆ ಬರುವ ಹೊತ್ತಿಗೆ ಅವನು ಸತ್ತು ಎರಡು ತಲೆಮಾರುಗಳೇ ಕಳೆದಿದ್ದವು.

ಗಮನಿಸಿ: ಅಪರಾಧಿ ಯಾರೆಂಬುದು ಕಥೆ ಹೇಳುವವನನ್ನು ನೋಡಿ ಬದಲಾಗುತ್ತದೆ. ರೋಮನ್ನರನ್ನು ಕಂಡರಾಗದವನಿಗೆ ಸೀಸರ್, ಚರ್ಚನ್ನು ಕಂಡರಾಗದವನಿಗೆ ಥಿಯೋಫಿಲಸ್, ಮುಸ್ಲಿಮರನ್ನು ಕಂಡರಾಗದವನಿಗೆ ಉಮರ್. ಇಷ್ಟು ಸುಲಭವಾಗಿ ಕೈ ಬದಲಾಯಿಸುವ ಕಥೆಯನ್ನು ಇತಿಹಾಸದ ವಿದ್ಯಾರ್ಥಿ ಅನುಮಾನದಿಂದಲೇ ನೋಡಬೇಕು.

ಹಾಗಾದರೆ ಆ ಪುಸ್ತಕಗಳೆಲ್ಲ ಏನಾದವು? ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಪಪೈರಸ್ ಸುರುಳಿ ಕೈಯಿಂದ ಕೈಗೆ ಬಿಚ್ಚಿ ಸುತ್ತಿದಷ್ಟೂ ಸವೆಯುತ್ತದೆ. ಮರುಭೂಮಿಯ ಒಣ ಮರಳಿನಲ್ಲಿ ಅದು ಎರಡು ಸಾವಿರ ವರ್ಷ ಉಳಿದೀತು. ಕಡಲ ತೇವದ ಊರಿನಲ್ಲಿ ಉಳಿಯುವುದಿಲ್ಲ. ಅಂಥ ಗ್ರಂಥಾಲಯ ಬದುಕಿರಬೇಕಾದರೆ ಲಿಪಿಕಾರರು ತಲೆಮಾರು ತಲೆಮಾರಿಗೂ ಕುಳಿತು ಮರುನಕಲು ಮಾಡುತ್ತಲೇ ಇರಬೇಕು. ಅವರಿಗೆ ಸಂಬಳ ಬೇಕು, ಯಾವುದನ್ನು ಮೊದಲು ನಕಲು ಮಾಡಬೇಕೆಂದು ಹೇಳುವ ವಿದ್ವಾಂಸರು ಬೇಕು. ಕ್ರಿ.ಪೂ. 145ರಲ್ಲಿ ಈಜಿಪ್ಟಿನ ಅರಸ ಎಂಟನೆಯ ಟಾಲೆಮಿ ಪಟ್ಟದ ಜಗಳದಲ್ಲಿ ತನ್ನ ವಿರೋಧಿಗಳ ಪರ ನಿಂತರೆಂದು ವಿದ್ವಾಂಸರನ್ನು ಊರು ಬಿಡಿಸಿದ. ಹೋಮರನ ಕಾವ್ಯಗಳ ಪಠ್ಯವನ್ನು ಪರಿಷ್ಕರಿಸಿದ ಗ್ರಂಥಪಾಲಕ ಅರಿಸ್ಟಾರ್ಕಸ್ ಹೋದದ್ದು ಆಗಲೇ. ಅವನ ನಂತರ ಗ್ರಂಥಪಾಲಕನ ಪದವಿಗೆ ಬಂದವನು ಈಟಿ ಪಡೆಯ ಒಬ್ಬ ಸೈನಿಕ. ಅವನ ಹೆಸರು ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಒಂದು ಪಪೈರಸ್ ಚೂರಿನಿಂದ ನಮಗೆ ತಿಳಿದಿದೆ. ಸೀಸರ್ ಬರುವುದಕ್ಕೆ ಸುಮಾರು ನೂರು ವರ್ಷ ಮೊದಲಿನ ಮಾತು ಇದು. ಮುಂದೆ 270ರ ದಶಕದಲ್ಲಿ ರೋಮನ್ ಚಕ್ರವರ್ತಿ ಆರೀಲಿಯನ್‌ನ ಕಾಳಗದಲ್ಲಿ ಗ್ರಂಥಾಲಯವಿದ್ದ ಅರಮನೆಯ ಬಡಾವಣೆಯೇ ಹಾಳಾಯಿತು. ಅಷ್ಟರಲ್ಲಿ ಅಲ್ಲಿ ಎಷ್ಟು ಪುಸ್ತಕ ಉಳಿದಿತ್ತೆಂದು ಬರೆದಿಟ್ಟವರಿಲ್ಲ.

ಸಾವಿರ ವರ್ಷದ ಮಾತಿಗೆ ಬರುತ್ತೇನೆ. ಸೀಸರನ ಬೆಂಕಿಯಲ್ಲಿ ವಿದ್ಯೆಯೇ ಉರಿದುಹೋಗಿದ್ದರೆ, ಉಗಿಯ ಯಂತ್ರದ ಆಟಿಕೆ ಮಾಡಿದ ಹೀರೊ ಅದೇ ಊರಿನಲ್ಲಿ ಒಂದನೆಯ ಶತಮಾನದಲ್ಲಿ ಹೇಗೆ ಕೆಲಸ ಮಾಡಿದ? ಖಗೋಳಜ್ಞ ಟಾಲೆಮಿ ಎರಡನೆಯ ಶತಮಾನದವನು (ಅರಸು ಮನೆತನಕ್ಕೂ ಇವನಿಗೂ ನಂಟು ಕಟ್ಟಬೇಡಿ, ಹೆಸರು ಮಾತ್ರ ಒಂದು). ಗಣಿತಜ್ಞ ಡಯೊಫಾಂಟಸ್, ನಾಲ್ಕನೆಯ ಶತಮಾನದ ಗಣಿತಜ್ಞ ಪಾಪಸ್, 415ರಲ್ಲಿ ಕೊಲೆಯಾಗುವವರೆಗೂ ಗಣಿತ ಪಾಠ ಹೇಳಿದ ಹೈಪೇಶಿಯಾ, ಎಲ್ಲರೂ ಅಲೆಕ್ಸಾಂಡ್ರಿಯಾದವರೇ. ಪರ್ಗಮನ್‌ನಲ್ಲಿ, ರೋಮ್‌ನಲ್ಲಿ, ಅಥೆನ್ಸ್‌ನಲ್ಲಿ ಬೇರೆ ಗ್ರಂಥಾಲಯಗಳೂ ಇದ್ದವು. ಯೂಕ್ಲಿಡ್ ಉಳಿದ, ಆರ್ಕಿಮಿಡಿಸ್ ಬಹುಮಟ್ಟಿಗೆ ಉಳಿದ.

ಕಳೆದುಹೋದದ್ದು ಅಪಾರವೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಸೊಫೊಕ್ಲಿಸ್ 120ಕ್ಕೂ ಹೆಚ್ಚು ನಾಟಕ ಬರೆದ. ಪೂರ್ತಿಯಾಗಿ ನಮಗೆ ಸಿಕ್ಕಿರುವುದು 7. ರೋಮಿನ ಚರಿತ್ರೆಯನ್ನು ಲಿವಿ 142 ಸಂಪುಟಗಳಲ್ಲಿ ಬರೆದ, ಉಳಿದಿರುವುದು 35. ಲಿವಿಯನ್ನು ಯಾರೂ ಸುಡಲಿಲ್ಲ. ಅವನು ಜನಪ್ರಿಯನೇ ಆಗಿದ್ದ. 142 ಸಂಪುಟಗಳನ್ನು ಕೈಯಿಂದ ನಕಲು ಮಾಡುವುದು ದುಬಾರಿಯಾಯಿತು, ಅವುಗಳ ಸಂಕ್ಷಿಪ್ತ ರೂಪವೇ ಸಾಕೆನಿಸಿತು, ಮೂಲವನ್ನು ಕೇಳುವವರು ಕಡಿಮೆಯಾದರು. ಸುರುಳಿಯಿಂದ ಹಾಳೆ ಹೊಲಿದ ಪುಸ್ತಕಕ್ಕೆ ಜನ ಹೊರಳಿದ ಕಾಲದಲ್ಲಿ ಯಾವುದನ್ನು ನಕಲು ಮಾಡಿಕೊಳ್ಳಲಿಲ್ಲವೋ ಅದು ಅಲ್ಲಿಯೇ ನಿಂತಿತು. ಪ್ರಾಚೀನ ಪುಸ್ತಕಗಳಲ್ಲಿ ಹೆಚ್ಚಿನವನ್ನು ನುಂಗಿದ್ದು ಬೆಂಕಿಗಿಂತ ಈ ಉದಾಸೀನವೇ.

ಇಷ್ಟೊಂದು ಹಟ ಹಿಡಿದು ಒಂದು ಕಥೆಯನ್ನು ಯಾಕೆ ಕೆಡವಬೇಕೆಂದು ಕೆಲವರು ಕೇಳುತ್ತಾರೆ. ಬೇಕೆಂದೇ ಸುಟ್ಟ ಗ್ರಂಥಾಲಯಗಳು ನಿಜವಾಗಿಯೂ ಇವೆ. ಅವಕ್ಕೆ ದಿನಾಂಕವಿದೆ, ಕಣ್ಣಾರೆ ಕಂಡವರಿದ್ದಾರೆ, ದಾಖಲೆಯಿದೆ. ನಮ್ಮ ಮರುಕವನ್ನೆಲ್ಲ ಅಲೆಕ್ಸಾಂಡ್ರಿಯಾವೇ ತೆಗೆದುಕೊಂಡುಬಿಟ್ಟರೆ ಅವುಗಳ ಪಾಲಿಗೆ ಏನೂ ಉಳಿಯುವುದಿಲ್ಲ.

1914ರ ಆಗಸ್ಟ್ 25ರ ರಾತ್ರಿ ಜರ್ಮನ್ ಸೈನಿಕರು ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಸುಟ್ಟರು. ಎರಡು ಲಕ್ಷಕ್ಕೂ ಹೆಚ್ಚು ಪುಸ್ತಕಗಳು, ಮಧ್ಯಯುಗದ ನೂರಾರು ಹಸ್ತಪ್ರತಿಗಳು ಹೋದವು. ನಾಶವಾದದ್ದಕ್ಕೆ ಸಂಖ್ಯೆಯಲ್ಲೂ ಬೆಲೆಯಲ್ಲೂ ಸಮನಾದ ಪುಸ್ತಕಗಳನ್ನು ಜರ್ಮನಿ ಕೊಡಬೇಕೆಂದು ವರ್ಸಾಯ್ ಒಪ್ಪಂದದ 247ನೆಯ ವಿಧಿ ಹೇಳಿತು. 1928ರಲ್ಲಿ ಹೊಸ ಕಟ್ಟಡ ಬಾಗಿಲು ತೆರೆಯಿತು. 1940ರ ಮೇ ತಿಂಗಳಲ್ಲಿ ಅದೂ ಉರಿಯಿತು.

1944ರ ಅಕ್ಟೋಬರಿನಲ್ಲಿ, ವಾರ್ಸಾದ ದಂಗೆ ಅಡಗಿ ನಗರ ಶರಣಾದ ಮೇಲೆ, ಜರ್ಮನ್ನರು ಕ್ರಾಸಿನ್ಸ್ಕಿ ಗ್ರಂಥಾಲಯಕ್ಕೆ ಬೆಂಕಿ ಇಟ್ಟರು. ಯುದ್ಧಕ್ಕೆ ಅದರಿಂದ ಯಾವ ಲಾಭವೂ ಇರಲಿಲ್ಲ. ನಗರದ ಹಸ್ತಪ್ರತಿಗಳನ್ನು ಸುರಕ್ಷಿತವಾಗಿರಲಿ ಎಂದು ಒಟ್ಟುಗೂಡಿಸಿ ಇಟ್ಟಿದ್ದದ್ದು ಅಲ್ಲಿಯೇ. 1747ರಲ್ಲಿ ಸಾರ್ವಜನಿಕರಿಗೆ ತೆರೆದ ಜಾಲುಸ್ಕಿ ಸಂಗ್ರಹವನ್ನು 1794ರಲ್ಲಿ ರಷ್ಯನ್ನರು ಸೇಂಟ್ ಪೀಟರ್ಸ್‌ಬರ್ಗಿಗೆ ಹೊತ್ತೊಯ್ದಿದ್ದರು. 1920ರ ದಶಕದಲ್ಲಿ ಮರಳಿ ಪಡೆದಿದ್ದ ಅದರ ಭಾಗಗಳೂ ಅಲ್ಲಿದ್ದವು.

1981ರ ಮೇ 31ರ ರಾತ್ರಿ ಜಾಫ್ನಾದ ಸಾರ್ವಜನಿಕ ಗ್ರಂಥಾಲಯ ಹೊತ್ತಿ ಉರಿಯಿತು. ಸುಮಾರು 97,000 ಪುಸ್ತಕಗಳು ಮತ್ತು ಹಸ್ತಪ್ರತಿಗಳು. ತಮಿಳು ತಾಳೆಗರಿಗಳು ಅವುಗಳಲ್ಲಿ ಸೇರಿದ್ದವು. ಹಚ್ಚಿದ ಗುಂಪಿನಲ್ಲಿ ಪೊಲೀಸರೇ ಇದ್ದರು. ಮುದ್ರಿತ ಪುಸ್ತಕಕ್ಕೆ ಬೇರೆ ಊರಿನಲ್ಲಿ ಇನ್ನೊಂದು ಪ್ರತಿ ಸಿಕ್ಕೀತು. ಒಂಟಿ ತಾಳೆಗರಿ ಕಟ್ಟಿಗೆ ಸಿಗುವುದಿಲ್ಲ.

ಲುವೆನ್ ಉರಿದ 78 ವರ್ಷಗಳ ಮೇಲೆ, 1992ರ ಅದೇ ಆಗಸ್ಟ್ 25ರ ರಾತ್ರಿ, ಸರಾಯೆವೊ ನಗರವನ್ನು ಸುತ್ತುವರಿದಿದ್ದ ಸರ್ಬ್ ಪಡೆಗಳು ಬೆಟ್ಟದ ಮೇಲಿಂದ ಬೋಸ್ನಿಯಾದ ರಾಷ್ಟ್ರೀಯ ಗ್ರಂಥಾಲಯದ ಮೇಲೆ ಬೆಂಕಿ ಶೆಲ್ಲುಗಳನ್ನು ಸುರಿಸಿದವು. ಸುಮಾರು 15 ಲಕ್ಷ ಪುಸ್ತಕಗಳಿದ್ದ ಕಟ್ಟಡ ಅದು. ಗುಂಡಿನ ಮಳೆಯಲ್ಲೇ ಸಿಬ್ಬಂದಿಯೂ ನಾಗರಿಕರೂ ಸಾಲು ನಿಂತು ಕೈಗೆ ಸಿಕ್ಕಿದ್ದನ್ನು ಹೊರಗೆ ಸಾಗಿಸಿದರು. ಮೇ 17ರಂದೇ ಆ ನಗರದ ಪ್ರಾಚ್ಯ ಸಂಸ್ಥೆ ಸುಟ್ಟುಹೋಗಿತ್ತು. ಅರಬ್ಬಿ, ಪಾರಸಿ, ತುರ್ಕಿ ಭಾಷೆಗಳ, ಅರಬ್ಬಿ ಲಿಪಿಯಲ್ಲಿ ಬರೆದ ಬೋಸ್ನಿಯನ್ ಭಾಷೆಯ 5,000ಕ್ಕೂ ಹೆಚ್ಚು ಹಸ್ತಪ್ರತಿಗಳ ಜೊತೆಗೆ ಆಟೊಮನ್ ಕಾಲದ ಭೂ ದಾಖಲೆಗಳೂ ಹೋದವು. ಈ ನೆಲದಲ್ಲಿ ಯಾರು ಯಾರ ಪಕ್ಕದಲ್ಲಿ ಎಷ್ಟು ಕಾಲ ಬಾಳಿದ್ದರೆಂದು ಹೇಳುತ್ತಿದ್ದ ಕಾಗದಗಳು ಅವು. ಗುರಿಯಿಟ್ಟು ಸುಡುವವರು ಇಂಥದ್ದನ್ನೇ ಸುಡುತ್ತಾರೆ.

ಸುಟ್ಟವನೇ ಬರೆದಿಟ್ಟ ಪ್ರಕರಣವೂ ಉಂಟು. 1562ರ ಜುಲೈನಲ್ಲಿ ಮೆಕ್ಸಿಕೋದ ಯುಕಟಾನ್‌ನ ಮಾನಿ ಎಂಬಲ್ಲಿ ಫ್ರಾನ್ಸಿಸ್ಕನ್ ಪಾದ್ರಿ ಡಿಯೆಗೊ ದೆ ಲಾಂಡಾ ಮಾಯಾ ಜನರ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದ. ಅವುಗಳಲ್ಲಿ ಸೈತಾನನ ಸುಳ್ಳು ಬಿಟ್ಟು ಬೇರೇನೂ ಇರಲಿಲ್ಲವೆಂದೂ, ಸುಡುವಾಗ ಆ ಜನ ವಿಪರೀತ ದುಃಖಪಟ್ಟರೆಂದೂ ಅವನೇ ಬರೆದಿದ್ದಾನೆ. ಅದೇ ಬರಹದಲ್ಲಿ ಮಾಯಾ ಅಕ್ಷರಗಳ ಒಂದು ಪಟ್ಟಿಯನ್ನೂ ಕೊಟ್ಟಿದ್ದಾನೆ. 1952ರಲ್ಲಿ ರಷ್ಯಾದ ಯೂರಿ ಕ್ನೋರೊಜೊವ್ ಆ ಪಟ್ಟಿಯ ಎಳೆ ಹಿಡಿದೇ ಲಿಪಿಯನ್ನು ಓದುವ ದಾರಿ ತೆರೆದ. ಓದಲು ಬಂದ ಹೊತ್ತಿಗೆ, ಕಲ್ಲಿನ ಮೇಲಿನ ಶಾಸನಗಳನ್ನು ಬಿಟ್ಟರೆ, ಲೋಕದಲ್ಲಿದ್ದ ಮಾಯಾ ಪುಸ್ತಕಗಳು ಬೆರಳೆಣಿಕೆಯಷ್ಟು. ಇಂದಿಗೂ ನಾಲ್ಕೇ.

ಇಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯಿದೆ. ಕಳೆದದ್ದು ಏನೆಂದು ನಮಗೆ ಗೊತ್ತಾಗುವುದಾದರೂ ಹೇಗೆ? ಪುಸ್ತಕದ ಜೊತೆ ಅದರ ಹೆಸರೂ ಹೋದರೆ ಅದು ಕಳೆದಿದೆಯೆಂದೇ ತಿಳಿಯುವುದಿಲ್ಲ. ನನ್ನ ಮಟ್ಟಿಗೆ ಅಲೆಕ್ಸಾಂಡ್ರಿಯಾದ ಅತಿ ದೊಡ್ಡ ನಷ್ಟ ಯಾವ ನಾಟಕವೂ ಅಲ್ಲ, ಅಲ್ಲಿನ ಕವಿ, ವಿದ್ವಾಂಸ ಕಲಿಮಾಕಸ್ 120 ಸುರುಳಿಗಳಲ್ಲಿ ಮಾಡಿದ ಗ್ರಂಥಸೂಚಿ. ಯಾರು ಏನು ಬರೆದರು, ಅದರ ಮೊದಲ ಸಾಲು ಯಾವುದು, ಎಷ್ಟು ಸಾಲುಗಳಿವೆ ಎಂದು ಅದರಲ್ಲಿ ದಾಖಲಿಸಿದ್ದ. ಇತರರು ಉಲ್ಲೇಖಿಸಿದ ತುಣುಕುಗಳಷ್ಟೇ ಈಗ ಉಳಿದಿವೆ. ಬಾಗ್ದಾದಿನ ವಿಷಯದಲ್ಲಿ ನಾವು ಪುಣ್ಯವಂತರು: ಪುಸ್ತಕ ವ್ಯಾಪಾರಿ ಇಬ್ನ್ ಅಲ್-ನದೀಮ್ ಸುಮಾರು 987ರಲ್ಲಿ ತನಗೆ ತಿಳಿದ ಅರಬ್ಬಿ ಪುಸ್ತಕಗಳನ್ನೆಲ್ಲ ಪಟ್ಟಿ ಮಾಡಿದ. ಅವುಗಳಲ್ಲಿ ಬಹುಪಾಲು ಇಂದು ಇಲ್ಲ, ಇದ್ದವೆಂದಾದರೂ ಗೊತ್ತಿದೆ. ಒಂಬತ್ತನೆಯ ಶತಮಾನದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ವಿದ್ವಾಂಸ ಫೋಟಿಯಸ್ ತಾನು ಓದಿದ ಸುಮಾರು 280 ಪುಸ್ತಕಗಳ ಬಗ್ಗೆ ಟಿಪ್ಪಣಿ ಬರೆದ. ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಈಗ ಅವನ ಟಿಪ್ಪಣಿಯೇ ಗತಿ. ಅದೇ ಶತಮಾನದ ನಮ್ಮ ಕವಿರಾಜಮಾರ್ಗವನ್ನು ನೆನೆಯಿರಿ. ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯ ಬರೆದವರ ಹೆಸರುಗಳನ್ನು ಅದು ಹೇಳುತ್ತದೆ. ಅವರ ಕನ್ನಡ ಗದ್ಯದ ಒಂದು ಗರಿಯೂ ನಮ್ಮ ಕೈ ಸೇರಿಲ್ಲ. ಅದನ್ನು ಯಾವ ಸೈನ್ಯವೂ ಸುಟ್ಟಂತಿಲ್ಲ.

ಸರಾಯೆವೊದ ಹಸ್ತಪ್ರತಿಗಳ ವಿಷಯದಲ್ಲಿ ಸ್ವಲ್ಪ ಕೈಗೂಡಿದ್ದು ಇದೇ ದಾರಿಯಲ್ಲಿ. ಯುದ್ಧಕ್ಕೆ ಮೊದಲು ಅಲ್ಲಿ ಸಂಶೋಧನೆ ಮಾಡಿ ಮೈಕ್ರೋಫಿಲ್ಮನ್ನೋ ನೆರಳಚ್ಚು ಪ್ರತಿಯನ್ನೋ ಒಯ್ದಿದ್ದ ಬೇರೆ ಬೇರೆ ದೇಶಗಳ ವಿದ್ವಾಂಸರಿಗೆ, ನಿಮ್ಮ ಕಡತಗಳನ್ನು ಹುಡುಕಿ ನೋಡಿ ಎಂದು ಅಮೆರಿಕದಲ್ಲಿದ್ದ ಕೆಲವು ಸಂಶೋಧಕರು ಮನವಿ ಮಾಡಿದರು. ಮೂಲ ಬೂದಿಯಾದ ಕೆಲವು ಕೃತಿಗಳ ಪ್ರತಿಗಳು ಹಾಗೆ ಹಿಂದಿರುಗಿದವು. ಯಾವುದನ್ನು ಹುಡುಕಬೇಕೆಂದು ತಿಳಿದಿದ್ದರೆ ಮಾತ್ರ ಇಂಥ ಹುಡುಕಾಟ ಸಾಧ್ಯ. ಆದ್ದರಿಂದ ಹಸ್ತಪ್ರತಿ ಇಟ್ಟುಕೊಂಡಿರುವವರು ಯಾರೇ ಸಲಹೆ ಕೇಳಿದರೂ ನಾನು ಮೊದಲು ಸೂಚಿಯ ಮಾತೆತ್ತುತ್ತೇನೆ. ಇಡೀ ಸಂಗ್ರಹವನ್ನು ಸ್ಕ್ಯಾನ್ ಮಾಡಲು ವರ್ಷಗಳು ಹಿಡಿಯುತ್ತವೆ, ಹಣವೂ ಬೇಕು. ಹೆಸರು, ಕರ್ತೃ, ಗರಿಗಳ ಸಂಖ್ಯೆ, ಮೊದಲ ಮತ್ತು ಕೊನೆಯ ಸಾಲು ಇರುವ ಒಂದು ಪಟ್ಟಿಗೆ ಅಷ್ಟೆಲ್ಲ ಬೇಡ. ಅದರ ಒಂದು ಪ್ರತಿ ಬೇರೆ ಊರಿನಲ್ಲಿರಲಿ, ಇನ್ನೊಂದು ಬೇರೆ ದೇಶದಲ್ಲಿದ್ದರೆ ಇನ್ನೂ ಒಳ್ಳೆಯದು.