ಮೂಳೆ ಕಡಿಯುವ ನಾಯಿಗೂ ಹಲ್ಲುಜ್ಜಬೇಕಾ?

"ನಮ್ಮ ನಾಯಿಗೆ ಆರು ವರ್ಷ. ವಾರಕ್ಕೆರಡು ಸಲ ಮಟನ್ ಮೂಳೆ ಹಾಕ್ತೀವಿ. ಆದ್ರೂ ಹತ್ತಿರ ಬಂದ್ರೆ ಬಾಯಿ ಗಬ್ಬು ವಾಸನೆ. ನಾಯಿ ಬಾಯಿ ಅಂದ್ಮೇಲೆ ಹಾಗೇ ಅಲ್ವಾ? ಅದಕ್ಕೂ ಹಲ್ಲುಜ್ಜಬೇಕಾ?" ಮೂಡಿಗೆರೆ ಕಡೆಯ ಓದುಗರೊಬ್ಬರು ಕೇಳಿದ್ದಾರೆ.

ಉಜ್ಜಬೇಕು. ಆದರೆ ನಿಮ್ಮ ನಾಯಿಗೆ ಇವತ್ತೇ ಶುರು ಮಾಡಬೇಡಿ. ಮೊದಲು ಬೆಳಕಿರುವ ಕಡೆ ಕೂರಿಸಿಕೊಂಡು, ಕೆನ್ನೆಯ ಹತ್ತಿರ ಮೇಲ್ತುಟಿ ಎತ್ತಿ ಹಿಂದಿನ ಹಲ್ಲುಗಳನ್ನು ನೋಡಿ. ಕಂದು ಬಣ್ಣದ ಗಟ್ಟಿ ಪದರ ಕಂಡರೆ, ಅದರ ಅಂಚಿನಲ್ಲಿ ಒಸಡು ಕೆಂಪಗಿದ್ದರೆ, ವಾಸನೆ ಬರುತ್ತಿರುವುದು ಅಲ್ಲಿಂದಲೇ. ಆರೋಗ್ಯವಾಗಿರುವ ನಾಯಿಯ ಬಾಯಿ ಗಬ್ಬು ನಾರುವುದಿಲ್ಲ.

ಊಟವಾದ ಕೆಲವೇ ಗಂಟೆಯಲ್ಲಿ ಹಲ್ಲಿನ ಮೇಲೆ ಬ್ಯಾಕ್ಟೀರಿಯಾದ ಲೋಳೆ ಕೂರುತ್ತದೆ. ಇದು ಪ್ಲಾಕ್. ಬಟ್ಟೆಯಲ್ಲಿ ಒರೆಸಿದರೂ ಹೋಗುತ್ತದೆ. ಬಿಟ್ಟರೆ ಎರಡು ಮೂರು ದಿನದಲ್ಲಿ ಜೊಲ್ಲಿನ ಖನಿಜ ಸೇರಿ ಗಟ್ಟಿಯಾಗುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಹಂಡೆಯಲ್ಲಿ ಬಿಳಿ ಕಲೆ ಕಟ್ಟುತ್ತದಲ್ಲ, ಹಾಗೆ. ಆಮೇಲೆ ಬ್ರಷ್‌ಗೆ ಬಗ್ಗುವುದಿಲ್ಲ. ಒಸಡು ಬರೀ ಊದಿರುವಾಗ ಕ್ಲೀನ್ ಮಾಡಿಸಿದರೆ ಪೂರ್ತಿ ವಾಸಿಯಾಗುತ್ತದೆ. ಹಲ್ಲು ಹಿಡಿದಿರುವ ಮೂಳೆಯೇ ಸವೆದರೆ ಅದು ಮತ್ತೆ ಮೊದಲಿನಂತಾಗುವುದಿಲ್ಲ.

ಇನ್ನು ಮಟನ್ ಮೂಳೆ. ಅದು ಹಲ್ಲಿನ ತುದಿಯನ್ನು ತಿಕ್ಕಬಹುದು, ಆದರೆ ರೋಗ ಶುರುವಾಗುವುದು ಒಸಡಿನ ಅಂಚಿನ ಕೆಳಗೆ. ಜೊತೆಗೆ ಹಲ್ಲೇ ಸೀಳುವ ಅಪಾಯ. ಸಕಲೇಶಪುರದ ಹತ್ತಿರ ತೋಟದ ಮನೆಯಲ್ಲಿದ್ದಾಗ ನಮ್ಮ ನಾಯಿಗೆ ಒಂದು ದಿನ ಕಣ್ಣಿನ ಕೆಳಗೆ ಊದಿಕೊಂಡಿತು. ಕಣಜ ಕಚ್ಚಿರಬೇಕು ಅಂತ ಅರಿಶಿನ ಹಚ್ಚಿದೆವು. ಇಳಿಯಿತು. ತಿಂಗಳಾದ ಮೇಲೆ ಮತ್ತೆ ಊದಿ, ಒಡೆದು ಕೀವು ಬಂತು. ಡಾಕ್ಟರು ಮೊದಲು ಬಾಯಿ ತೆರೆಸಿ ನೋಡಿದರು. ಮೇಲಿನ ದೊಡ್ಡ ದವಡೆ ಹಲ್ಲು ಸೀಳಿತ್ತು. ಆ ಹಲ್ಲಿನ ಬೇರು ಕಣ್ಣಿನ ಕೆಳಗೇ ಇರುತ್ತದೆ. ಅಷ್ಟು ದಿನವೂ ಅದು ಊಟ ಬಿಟ್ಟಿರಲಿಲ್ಲ, ಒಂದೇ ಪಕ್ಕದಲ್ಲಿ ಅಗಿಯುತ್ತಿತ್ತು. ನಾವು ಗಮನಿಸಲಿಲ್ಲ ಅನ್ನುವ ಸಂಕಟ ನನಗೆ ಈಗಲೂ ಇದೆ. ಹಲ್ಲು ನೋವಿದ್ದರೂ ನಾಯಿ ತಿನ್ನುತ್ತದೆ. ಹಾಗಾಗಿ "ಚೆನ್ನಾಗಿ ತಿಂತಾ ಇದೆ" ಅಂತ ಸುಮ್ನೆ ಇರಬೇಡಿ.

ಅಗಿಯಲು ಏನೇ ಕೊಟ್ಟರೂ ಉಗುರು ಒತ್ತಿ ನೋಡಿ. ಸ್ವಲ್ಪವೂ ತಗ್ಗದಿದ್ದರೆ ಅದು ಹಲ್ಲಿಗೆ ಜಾಸ್ತಿ ಗಟ್ಟಿ. ಬೇಯಿಸಿದ ಮೂಳೆಯಂತೂ ಚೂರಾಗಿ ಗಂಟಲು, ಕರುಳಿಗೆ ಚುಚ್ಚಬಹುದು. ಸರಪಳಿ ಕಡಿಯುವ ಅಭ್ಯಾಸವಿದ್ದರೆ ಅದನ್ನೂ ತಪ್ಪಿಸಿ.

ನಿಮ್ಮ ನಾಯಿಯ ಹಲ್ಲಿಗೆ ಪದರ ಕಟ್ಟಿದ್ದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಅಲ್ಲೂ ವಿಚಾರಿಸಬಹುದು. ಸ್ಕೇಲಿಂಗ್, ಅಂದರೆ ಆ ಗಟ್ಟಿ ಪದರ ಕೆರೆದು ತೆಗೆಯುವುದನ್ನು ಮಾಡುವುದು ಅರಿವಳಿಕೆ ಕೊಟ್ಟು. ಇದಕ್ಕೆ ತುಂಬಾ ಜನ ಹೆದರುತ್ತಾರೆ. ನಾಯಿ ಅರಿವಳಿಕೆ ತಡೆದುಕೊಳ್ಳುತ್ತದೆಯೇ ಅಂತ ತಿಳಿಯಲು ಮೊದಲೇ ರಕ್ತ ಪರೀಕ್ಷೆ ಮಾಡಿಸುವ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಎಚ್ಚರವಿರುವ ನಾಯಿಯನ್ನು ಹಿಡಿದುಕೊಂಡು ಕೆರೆದರೆ ಕಾಣುವ ಭಾಗ ಬೆಳ್ಳಗಾಗುತ್ತದೆ ಅಷ್ಟೇ, ಒಸಡಿನ ಕೆಳಗಿನದು ಹಾಗೇ ಉಳಿಯುತ್ತದೆ.

ಒಸಡು ವಾಸಿಯಾದ ಮೇಲೆ ಬ್ರಷ್ ಹಿಡಿಯಿರಿ. ನೋವಿರುವ ಬಾಯಿಗೆ ಬ್ರಷ್ ಹಾಕಿದರೆ ನಾಯಿ ಅದನ್ನು ಕಂಡರೇ ಓಡುತ್ತದೆ. ಮೊದಲ ವಾರ ಬರೀ ತುಟಿ ಎತ್ತಿ ಬೆರಳಿನಿಂದ ಸವರಿ, ಹೊಗಳಿ. ಆಮೇಲೆ ಬೆರಳಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿಕೊಳ್ಳಿ. ಕೊನೆಗೆ ಮಕ್ಕಳ ಮೆತ್ತನೆ ಬ್ರಷ್. ಹೊರಮೈ ಉಜ್ಜಿದರೆ ಮುಕ್ಕಾಲು ಕೆಲಸ ಆಯಿತು, ಪದರ ಜಾಸ್ತಿ ಕಟ್ಟುವುದು ಮೇಲಿನ ಹಿಂದಿನ ಹಲ್ಲುಗಳ ಹೊರಗಡೆಯೇ. ದಿನಾ ಒಂದು ನಿಮಿಷ ಸಾಕು.

ನಮ್ಮ ಪೇಸ್ಟ್ ಮಾತ್ರ ಬೇಡವೇ ಬೇಡ. ನಾಯಿಗೆ ಉಗುಳಲು ಬರಲ್ಲ, ನುಂಗುತ್ತದೆ. ಕೆಲವು ಪೇಸ್ಟ್‌ಗಳಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷ. ಉಪ್ಪು, ಇದ್ದಿಲ ಪುಡಿಯೂ ಬೇಡ. ನಾಯಿಗಳಿಗಾಗಿಯೇ ಇರುವ ಪೇಸ್ಟ್ ಸಿಗದಿದ್ದರೆ ಬರೀ ನೀರಲ್ಲೇ ಉಜ್ಜಿ.

ಮನೆಯಲ್ಲಿ ಮರಿ ಇದ್ದರೆ ಅದಕ್ಕೂ ಈಗಲೇ ಬೆರಳಿನ ಅಭ್ಯಾಸ ಮಾಡಿಸಿ. 28 ಹಾಲುಹಲ್ಲು ಬಿದ್ದು, ಏಳು ತಿಂಗಳ ಹೊತ್ತಿಗೆ 42 ಹಲ್ಲು ಬಂದಿರಬೇಕು. ಪಮೇರಿಯನ್‌ನಂಥ ಸಣ್ಣ ನಾಯಿಗಳಲ್ಲಿ ಹಳೇ ಕೋರೆಹಲ್ಲು ಹೊಸದರ ಪಕ್ಕದಲ್ಲೇ ಉಳಿದುಬಿಡುವುದುಂಟು. ಹಾಗೆ ಕಂಡರೆ ಡಾಕ್ಟರ ಹತ್ತಿರ ತೆಗೆಸಿ.