ರಾತ್ರಿಗಿಟ್ಟ ಡಬ್ಬಿ

ವಾಸಿಯಾಗದ ಕಾಯಿಲೆಯವರ ನೋವು, ಸಂಕಟ ಇಳಿಸಲು ಮನೆಮನೆಗೆ ಹೋಗುವ ನಮ್ಮ ಹೋಮ್ ಕೇರ್ ಗಾಡಿಯಲ್ಲಿ ಬಿ.ಪಿ. ಮೆಷಿನ್, ಗಾಜ್ ಬಟ್ಟೆ, ಕ್ಯಾಥೆಟರ್‌ಗಳ ಜೊತೆ ನಾಲ್ಕೈದು ಖಾಲಿ ಪ್ಲಾಸ್ಟಿಕ್ ಡಬ್ಬಿಗಳೂ ಇರುತ್ತವೆ. ಉಪ್ಪಿನಕಾಯಿ ಹಾಕಿಡುತ್ತಾರಲ್ಲ, ಅಂಥವು. ಹೊಸ ಮನೆಗೆ ಮೂರನೆಯದೋ ನಾಲ್ಕನೆಯದೋ ಸಲ ಹೋದಾಗ ಅದರಲ್ಲೊಂದನ್ನು ಮಕ್ಕಳ ಕೈಗೆ ಎಟುಕದ ಕಡೆ ಇಟ್ಟು ಬರುತ್ತೇನೆ. ಅದು ರಾತ್ರಿಗೆ.

ಆ ಡಬ್ಬಿ ನನಗೆ ಯಾರೂ ಕಲಿಸಿದ್ದಲ್ಲ. ನರ್ಸಿಂಗ್ ಮುಗಿಸಿ ಈ ಕೆಲಸಕ್ಕೆ ಸೇರಿದ ಹೊಸತು. ಲಿವರ್ ಕ್ಯಾನ್ಸರ್ ಆಗಿದ್ದ ಒಬ್ಬ ಅಮ್ಮ, "ನನ್ನನ್ನ ಇನ್ನೆಲ್ಲಿಗೂ ಎತ್ಕೊಂಡು ಹೋಗ್ಬೇಡ್ರಪ್ಪ, ದೇವರ ಮನೆ ಕಾಣೋ ಹಾಗೆ ಮಲಗ್ಸಿ ಸಾಕು" ಅಂದಿದ್ದರು. ಮಕ್ಕಳೂ ಒಪ್ಪಿದ್ದರು. ಒಂದು ಸಂಜೆ ಹೋದಾಗ ಅವರ ಪಾದ ತಣ್ಣಗಿತ್ತು, ಬೆಳಗಿನಿಂದ ಮೂತ್ರ ಒಂದು ಲೋಟವೂ ಆಗಿರಲಿಲ್ಲ. ಇನ್ನು ಒಂದೆರಡು ದಿನ ಅಂತ ನನಗೆ ಗೊತ್ತಾಯಿತು. ಹೇಳಲಿಲ್ಲ. ದೀಪ ಹಚ್ಚುವ ಹೊತ್ತಲ್ಲಿ ಹೇಗೆ ಹೇಳುವುದು ಅನ್ನಿಸಿ ಬ್ಯಾಗ್ ಎತ್ತಿಕೊಂಡು ಬಂದೆ. ರಾತ್ರಿ ಎರಡಕ್ಕೆ ಅವರ ಗಂಟಲಲ್ಲಿ ಗೊರಗೊರ ಶುರುವಾಗಿದೆ. ಮಕ್ಕಳು ಬೆದರಿ ಆಂಬುಲೆನ್ಸ್ ಕರೆಸಿದ್ದಾರೆ. ಅಮ್ಮ ಹೋಗಿದ್ದು ಐಸಿಯುನಲ್ಲಿ, ನಾಲ್ಕನೇ ದಿನ, ಬಾಯಲ್ಲಿ ಪೈಪು, ಕೈ ಮಂಚಕ್ಕೆ ಕಟ್ಟಿದ್ದ ಹಾಗೇ. ಆ ಆಸ್ಪತ್ರೆಯವರ ತಪ್ಪು ಅನ್ನಲಾರೆ, ಬಂದವರಿಗೆ ಅವರು ಅವರ ಕೆಲಸ ಮಾಡಿದರು. ಸಂಜೆ ಬಾಯಿ ಮುಚ್ಚಿಕೊಂಡು ಬಂದವಳು ನಾನು.

ಮನೆಯಲ್ಲೇ ಕೊನೆಯಾಗಬೇಕು ಅಂದವರು ಆಸ್ಪತ್ರೆ ಸೇರುವುದು ಹೆಚ್ಚಾಗಿ ಹೀಗೇ, ಒಂದು ರಾತ್ರಿಯ ಗಾಬರಿಯಲ್ಲಿ. ನಮ್ಮ ಈ ಪ್ಯಾಲಿಯೇಟಿವ್ ಕೇರ್ ಅಂದರೆ ಏನು ಅಂತ ಕೇಳಿದವರಿಗೆ ನಾನೀಗ ದೊಡ್ಡ ವಿವರಣೆ ಕೊಡುವುದಿಲ್ಲ. ರಾತ್ರಿ ಏನಾಗಬಹುದು ಅಂತ ಹಗಲೇ ಹೇಳಿ, ಅದಕ್ಕೆ ಬೇಕಾದ್ದನ್ನು ಮನೆಯಲ್ಲಿ ಇಟ್ಟು ಬರುವ ಕೆಲಸ ಅನ್ನುತ್ತೇನೆ.

ಆ ಗೊರಗೊರ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಎಚ್ಚರವಿರುವಾಗ ನಾವು ಜೊಲ್ಲನ್ನು ಗೊತ್ತಿಲ್ಲದೇ ನುಂಗುತ್ತಿರುತ್ತೇವೆ, ಕಫ ಬಂದರೆ ಕೆಮ್ಮುತ್ತೇವೆ. ಪ್ರಜ್ಞೆ ಇಳಿದವರಿಗೆ ಎರಡೂ ಆಗುವುದಿಲ್ಲ. ಗಂಟಲಲ್ಲಿ ನಿಂತ ದ್ರವದ ಮೇಲೆ ಉಸಿರು ಹಾದುಹೋಗುವಾಗ ಆ ಸದ್ದು. ಕೇಳುವವರ ಎದೆ ಒಡೆಯುತ್ತದೆ, ಮಲಗಿದವರಿಗೆ ಸಾಮಾನ್ಯವಾಗಿ ಅದರ ಅರಿವೇ ಇರುವುದಿಲ್ಲ. ಒಂದು ಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ತಲೆ ಸ್ವಲ್ಪ ಎತ್ತರಿಸಿದರೆ ಅರ್ಧ ಇಳಿಯುತ್ತದೆ. ದ್ರವ ಕಡಿಮೆ ಮಾಡುವ ಇಂಜೆಕ್ಷನ್ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಮೇಲುಸಿರೂ ಹಾಗೇ. ಉಸಿರು ಜೋರಾಗಿ, ನಿಧಾನವಾಗಿ, ಅರ್ಧ ನಿಮಿಷ ನಿಂತೇಹೋಗಿ, ಮತ್ತೆ ಬರುತ್ತದೆ. ಆ ಹೊತ್ತಿಗೆ ಆಕ್ಸಿಜನ್ ಸಿಲಿಂಡರ್‌ಗೆ ಊರೆಲ್ಲ ಅಲೆಯುವವರನ್ನು ನೋಡಿದ್ದೇನೆ. ಆಗ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಏದುಸಿರು ಬಿಡುತ್ತಾ ಎಚ್ಚರವಿರುವವರಿಗೂ ಎಷ್ಟೋ ಸಲ ಕಿಟಕಿ ತೆಗೆದು, ಮುಖಕ್ಕೆ ನೇರ ಗಾಳಿ ಬರುವ ಹಾಗೆ ಟೇಬಲ್ ಫ್ಯಾನ್ ಇಟ್ಟರೆ ಹಾಯೆನಿಸುತ್ತದೆ.

ಗುಬ್ಬಿ ಕಡೆಯ ಒಂದು ಅಡಿಕೆ ತೋಟದ ಮನೆ. ಅಜ್ಜನಿಗೆ ಬಾಯಿ ಕ್ಯಾನ್ಸರ್, ಕೆನ್ನೆಯಲ್ಲಿ ತೂತು ಬಿದ್ದಿತ್ತು. ನಲವತ್ತು ವರ್ಷದ ಎಲೆ, ಅಡಿಕೆ, ಹೊಗೆಸೊಪ್ಪು. ಮಗ ಟೆಂಪೊ ಓಡಿಸುತ್ತಿದ್ದ, ನೋಡಿಕೊಳ್ಳುತ್ತಿದ್ದವಳು ಸೊಸೆ. ಮೊದಲ ದಿನ ಬಾಗಿಲಲ್ಲೇ ವಾಸನೆ ತಟ್ಟಿತು. ಅಕ್ಕಪಕ್ಕದವರು ಬರುವುದು ಬಿಟ್ಟಿದ್ದರು, ಮೊಮ್ಮಗು ಒಳಗೆ ಕಾಲಿಡುತ್ತಿರಲಿಲ್ಲ. ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಗಾಯಕ್ಕೆ ಉದುರಿಸಿ ಡ್ರೆಸ್ಸಿಂಗ್ ಮಾಡುವುದನ್ನು ಸೊಸೆಗೆ ತೋರಿಸಿಕೊಟ್ಟೆ. ನಾಲ್ಕೈದು ದಿನಕ್ಕೆ ಮಗು ಮಂಚದ ಪಕ್ಕ ಕೂತು ಸ್ಲೇಟು ಹಿಡಿದಿತ್ತು. ಇಷ್ಟು ಸಾಮಾನ್ಯ ಮಾತ್ರೆ ಇಷ್ಟು ಕೆಲಸ ಮಾಡುತ್ತದೆ ಅಂತ ಎಷ್ಟೋ ಡಾಕ್ಟರುಗಳೂ ಹೇಳಿ ಕಳಿಸುವುದಿಲ್ಲ, ಅದೇ ಬೇಜಾರು.

ನೋವಿಗೆ ಮಾರ್ಫಿನ್ ಬಂತು. "ಸಿಸ್ಟರ್, ಇದು ಕೊನೆಗೆ ಕೊಡೋ ಮಾತ್ರೆಯಂತೆ?" ಅಂದ ಮಗ. ಎಲ್ಲರೂ ಕೇಳುತ್ತಾರೆ. ನೋವಿಗೆ ತಕ್ಕಷ್ಟು, ಡಾಕ್ಟರು ಹೇಳಿದ ಅಳತೆಯಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ, ಚಟ ಹತ್ತಿಸುವುದೂ ತೀರಾ ಅಪರೂಪ. ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಇರಬಹುದು, ಹೋಗುತ್ತದೆ. ಹೋಗದೇ ಇರುವುದು ಮಲಬದ್ಧತೆ. ಅದಕ್ಕೇ ಮಾರ್ಫಿನ್ ಜೊತೆ ಮಲ ಸಡಿಲಿಸುವ ಮಾತ್ರೆ ಮೊದಲ ದಿನದಿಂದಲೇ ಬೇಕು. ಕಿಡ್ನಿ ಸರಿಯಿಲ್ಲದವರಿಗೆ ಅಳತೆ ಬೇರೆ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಲ್ಲಿ ವರ್ಷಗಟ್ಟಲೆ ಮಾರ್ಫಿನ್ ಸಿಗುವುದೇ ದುರ್ಲಭವಾಗಿತ್ತು. 2014ರ ತಿದ್ದುಪಡಿಯಿಂದ ಕಾಗದಪತ್ರ ಹಗುರಾಗಿದೆ, ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳಬಹುದು. ಆದರೂ ಜಿಲ್ಲಾ ಕೇಂದ್ರದ ಆಚೆ ಹೋದರೆ ಹುಡುಕಬೇಕು.

ಸಾದಾ ಮಾರ್ಫಿನ್ ಮಾತ್ರೆಯ ಪರಿಣಾಮ ನಾಲ್ಕು ಗಂಟೆ. ನೋವು ಬಂದಾಗ ಕೊಡುವುದಲ್ಲ, ಬರುವ ಮೊದಲೇ ಕೊಡುವುದು. ಬೆಳಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ಮತ್ತೆ ರಾತ್ರಿ ಹತ್ತಕ್ಕೆ ಎರಡರಷ್ಟು, ನಡುರಾತ್ರಿ ಎಬ್ಬಿಸದಿರಲಿ ಅಂತ. ಸೊಸೆ ಗಡಿಯಾರ ನೋಡುವವಳಲ್ಲ. "ಡೇರಿಗೆ ಹಾಲು ಹಾಕ್ಬಿಟ್ಟು ಬಂದು ಒಂದು, ಕೆಲಸದಾಳಿಗೆ ಕಾಫಿ ಕೊಡೋವಾಗ ಒಂದು, ಉಂಡ್ಮೇಲೆ ಒಂದು, ಸಂಜೆ ಡೇರಿಗೊಂದು, ಧಾರಾವಾಹಿ ಮುಗಿದ್ಮೇಲೆ ಜೋಡಿ," ಅಂತ ಅವಳೇ ಲೆಕ್ಕ ಹಾಕಿಕೊಂಡಳು. ನಾನು ಬರೆದುಕೊಟ್ಟ ಚಾರ್ಟು ಗೋಡೆಯಲ್ಲಿ ಸುಮ್ಮನೆ ನೇತಾಡಿತು. ಅಜ್ಜನಿಗೆ ಮೂಗಿನ ಪೈಪು ಇದ್ದುದರಿಂದ ಮಾತ್ರೆ ಪುಡಿ ಮಾಡಿ ನೀರಲ್ಲಿ ಕದಡಿ ಬಿಡುತ್ತಿದ್ದಳು. ಹನ್ನೆರಡು ಗಂಟೆ ಕೆಲಸ ಮಾಡುವ ಮಾರ್ಫಿನ್ ಮಾತ್ರೆಯೂ ಉಂಟು, ಅದನ್ನು ಮಾತ್ರ ಎಂದೂ ಪುಡಿ ಮಾಡಬಾರದು.

ಜಗಳ ಆಗಿದ್ದು ಊಟದ ವಿಷಯಕ್ಕೆ. ಯಾವ ಮನೆಯಲ್ಲೂ ಆಗುವುದು ಅಲ್ಲೇ. ಮಾವನಿಗೆ ಶಕ್ತಿ ಬರಲಿ ಅಂತ ಸೊಸೆ ರಾಗಿ ಗಂಜಿ ಸೋಸಿ ಪೈಪಿನಲ್ಲಿ ದಿನಕ್ಕೆ ಎಂಟು ಸಲ ಬಿಡುತ್ತಿದ್ದಳು. ಹೊಟ್ಟೆ ಉಬ್ಬಿ, ಗಂಜಿ ಮೇಲೆ ಬಂದು ಕೆಮ್ಮು ಹತ್ತುತ್ತಿತ್ತು. ಕಡಿಮೆ ಮಾಡು ಅಂದರೆ ಅಜ್ಜಿ ನನ್ನ ಮೇಲೆ ಹರಿಹಾಯ್ದರು: "ಉಪವಾಸ ಕೆಡವಿ ಸಾಯಿಸು ಅಂತೀಯೇನವ್ವ?" ಉತ್ತರ ಸುಲಭವಲ್ಲ. ಕೊನೆಯ ವಾರಗಳಲ್ಲಿ ದೇಹಕ್ಕೆ ಅರಗಿಸುವ ತ್ರಾಣ ಇರುವುದಿಲ್ಲ, ಹಸಿವೂ ಆಗುವುದಿಲ್ಲ. ಗ್ಲೂಕೋಸ್ ಬಾಟಲಿ ಏರಿಸಿದರೆ ಆ ನೀರು ಕಾಲಿಗೆ, ಶ್ವಾಸಕೋಶಕ್ಕೆ ಇಳಿದು ಗೊರಗೊರ ಹೆಚ್ಚಾಗಬಹುದು. ಆಗ ಅವರನ್ನು ಕಾಡುವುದು ಹೊಟ್ಟೆಯಲ್ಲ, ಒಣಗಿದ ಬಾಯಿ. ಶುದ್ಧವಾದ ಬಟ್ಟೆಯನ್ನು ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಅದ್ದಿ ಗಂಟೆಗೊಮ್ಮೆ ಬಾಯಿ ಒರೆಸಿ, ತುಟಿಗೆ ತೆಂಗಿನೆಣ್ಣೆ ಹಚ್ಚುವ ಕೆಲಸವನ್ನು ಅಜ್ಜಿಗೆ ವಹಿಸಿದೆ. ಅವರ ಕೈಗೂ ಏನಾದರೂ ಬೇಕಿತ್ತು. ತುಳಸಿ ನೀರು ಬಿಡಬೇಕು ಅಂದಾಗ ಚಮಚದಲ್ಲಿ ಬೇಡ, ಬಟ್ಟೆಯಲ್ಲಿ ತುಟಿಗೆ ಮುಟ್ಟಿಸಿ, ಒಂದು ಹನಿ ತಾಗಿದರೂ ಬಿಟ್ಟ ಹಾಗೇ ಅಂದೆ. ಒಪ್ಪಿದರು.

ಡಬ್ಬಿಯಲ್ಲಿ ಇಟ್ಟಿದ್ದು ಮೂರು ಪೊಟ್ಟಣ. ಒಂದರ ಮೇಲೆ ಸೂರ್ಯ: ನಡುವೆ ನೋವೆದ್ದರೆ ಕೊಡಲು ಹೆಚ್ಚುವರಿ ಮಾರ್ಫಿನ್. ಇನ್ನೊಂದರಲ್ಲಿ ಚಂದ್ರ: ಚಡಪಡಿಕೆಗೆ. ಮೂರನೆಯದಕ್ಕೆ ನೀರಿನ ಹನಿ: ಗಂಟಲ ಸದ್ದಿಗೆ, ತುಂಬಿಸಿಟ್ಟ ಸಿರಿಂಜು. ತೋಳಿನ ಚರ್ಮದಡಿ ಬಟರ್‌ಫ್ಲೈ ಸೂಜಿ ಹಾಕಿ ಅಂಟಿಸಿದ್ದೆ, ಅದಕ್ಕೆ ಸಿಕ್ಕಿಸಿ ಒತ್ತಿದರೆ ಆಯಿತು. ಕೊಟ್ಟ ಮೇಲೆ ಫೋನು. ಓದು ಬಲ್ಲವರಿಗೂ ನಡುರಾತ್ರಿ ಅಕ್ಷರ ಓಡುವುದಿಲ್ಲ, ಚಿತ್ರ ಸಾಕು. ಜೊತೆಗೆ ಕಡು ಬಣ್ಣದ ಎರಡು ಹಳೇ ಟವೆಲ್ ಮಂಚದ ಕೆಳಗೆ ಇಡಿಸಿದೆ. ಇಂಥ ಗಾಯ ಒಮ್ಮೊಮ್ಮೆ ಒಡೆದು ರಕ್ತ ಸುರಿಯುತ್ತದೆ, ಬಿಳಿ ಬಟ್ಟೆಯ ಮೇಲೆ ಅದನ್ನು ನೋಡಿದವರು ಜನ್ಮದಲ್ಲಿ ಮರೆಯುವುದಿಲ್ಲ. ಅದನ್ನೂ ಸೊಸೆಗೆ ಹೇಳಿದೆ. ಹೇಳುವಾಗ ನನ್ನ ಬಾಯಿ ಒಣಗಿತ್ತು, ಅವಳು ತಲೆಯಾಡಿಸಿದಳು ಅಷ್ಟೇ. ಭಯವಾದರೆ ಮನೆಯೇ ಆಗಬೇಕೆಂದಿಲ್ಲ ಅಂತಲೂ ಅಂದೆ. ಬೆಂಗಳೂರಿನ ಕರುಣಾಶ್ರಯದಂಥ, ಕೊನೆಯ ದಿನಗಳ ಆರೈಕೆ ಮಾಡುವ ಹಾಸ್ಪಿಸ್‌ಗಳು ದುಡ್ಡು ತೆಗೆದುಕೊಳ್ಳದೇ ಇಟ್ಟುಕೊಳ್ಳುತ್ತವೆ. ಒಂಟಿ ಮುದುಕರಿಗೆ, ನೋಡಿಕೊಳ್ಳುವವರೇ ಸೋತುಹೋದ ಮನೆಗೆ ನಾನೇ ಅದನ್ನು ಸೂಚಿಸುತ್ತೇನೆ.

ಕಾಗದದ ಮಾತನ್ನು ಬೇಗ ಮುಗಿಸುತ್ತೇನೆ. ಕೃತಕ ಉಸಿರಾಟದಂಥ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಪತ್ರಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ಕೊಟ್ಟಿತು, 2023ರಲ್ಲಿ ಸರಳ ಮಾಡಿತು: ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಕರ್ನಾಟಕ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿದೆ. ಒಳ್ಳೆಯದೇ. ಆದರೆ ನಡುರಾತ್ರಿ ನೋಟರಿ ಕಾಗದ ಯಾರೂ ಹುಡುಕುವುದಿಲ್ಲ, ಫೋನ್ ನಂಬರ್ ಹುಡುಕುತ್ತಾರೆ. ಅದು ಡಬ್ಬಿಯ ಮುಚ್ಚಳದ ಮೇಲೇ ಇರಬೇಕು. ಮನೆಯಲ್ಲಿ ಕಾಯಿಲೆಯಿಂದ ತೀರಿಕೊಂಡರೆ ಪೊಲೀಸರಿಗೆ ಹೆದರಬೇಕಿಲ್ಲ. ಕೊನೆಯಲ್ಲಿ ನೋಡುತ್ತಿದ್ದ ಡಾಕ್ಟರು ಸಾವಿನ ಕಾರಣದ ಫಾರಂ 4ಎಗೆ ಸಹಿ ಹಾಕುತ್ತಾರೆ, 21 ದಿನದೊಳಗೆ ನೋಂದಣಿ ಮಾಡಿಸಬೇಕು. ಯಾವ ಡಾಕ್ಟರು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಇಲ್ಲದಿದ್ದರೆ ಪೇಟೆಯಲ್ಲಿ ಚಿತಾಗಾರದ ಮುಂದೆ ಕಾಯುವ ಪಾಡು.

ಒಂದು ರಾತ್ರಿ ಒಂದೂ ನಲವತ್ತಕ್ಕೆ ಅಜ್ಜನ ಸೊಸೆಯ ಫೋನು. "ಸಿಸ್ಟರ್, ಆ ಸದ್ದು ಶುರುವಾಯ್ತು."

"ಯಾವ ಮಗ್ಗುಲಿಗಿದ್ದಾರೆ?"

"ಎಡಕ್ಕೆ ತಿರುಗಿಸಿದೀನಿ. ಹನಿದು ಕೊಟ್ಟೆ. ಅತ್ತೆ ಬಾಯಿ ಒರೆಸ್ತಾವ್ರೆ. ಇವರು ತುಮಕೂರಿಂದ ಹೊರಟವ್ರೆ, ಬರೋ ತನಕ ಇರ್ತಾರಾ?"

ಹೇಳಲಾಗದು ಅಂದೆ. ಕಿವಿ ಕೇಳುತ್ತಿರಬಹುದು, ಫೋನನ್ನು ಅವರ ಕಿವಿಗಿಟ್ಟು ಮಗನ ಹತ್ತಿರ ಮಾತಾಡಿಸು ಅಂದೆ. ಮಗ ಬಂದಾಗ ಮೂರೂವರೆ, ಅಜ್ಜ ಹೋಗಿದ್ದು ಡೇರಿಯ ಹೊತ್ತಿಗೆ.

ಹನ್ನೊಂದನೇ ದಿನ ಕಳೆದ ಮೇಲೆ ಹೋದೆ. ಡಬ್ಬಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಳು. ಮಾರ್ಫಿನ್ ಉಳಿದರೆ ವಾಪಸು ತರಬೇಕು. ಸೆರಗಿನ ಗಂಟಿನಿಂದ ಸೂರ್ಯನ ಪೊಟ್ಟಣ ತೆಗೆದು ಕೊಟ್ಟಳು. ಆರು ಮಾತ್ರೆ ಇತ್ತು. ಜಗಲಿಯ ಮೇಲೆ ಕೂತು ಇಬ್ಬರೂ ಎಣಿಸಿದೆವು, ರಿಜಿಸ್ಟರಿನಲ್ಲಿ ಅವಳ ಸಹಿ ಹಾಕಿಸಿಕೊಂಡೆ. ಅಜ್ಜಿ ಒಳಗಿನಿಂದ, "ಊಟ ಮಾಡ್ಕೊಂಡು ಹೋಗ್ಬೇಕು ಅನ್ನು ಆ ಹುಡುಗಿಗೆ," ಅಂದರು.